ಅಕ್ಕ ಮದುವೆಯಾದ ವರ್ಷ, ದಕ್ಷಿಣ ಧ್ರುವದ ಚಿಪ್ಪುಗಳು

ಅಕ್ಕ ಮದುವೆಯಾಗಿ ಹೋದದ್ದು ಅವಳ ಐವತ್ತಮೂರನೆಯ ವಯಸ್ಸಿನಲ್ಲಿ. ಆಗ ನನಗೆ ನಲವತ್ತೊಂಬತ್ತು. ಅದುವರೆಗೆ ನಾವಿಬ್ಬರೂ ಮರ್ಫಿ ಟೌನಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದವರು. ಅಪ್ಪ ಅಮ್ಮ ಹೋದಮೇಲೆ ನಮ್ಮ ಮದುವೆಯ ಮಾತೆತ್ತುವವರು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಯಾರೂ ಉಳಿದಿರಲಿಲ್ಲ. ಅದಕ್ಕಾಗಿ ನಾವು ದುಃಖಪಟ್ಟದ್ದೂ ಇಲ್ಲ. ಅಕ್ಕ ಕಂಟೋನ್ಮೆಂಟಿನ ಒಂದು ಶಾಲೆಯ ಆಫೀಸಿನಲ್ಲಿದ್ದಳು. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೆ. ರೋಗಿಗಳ ದೇಹದಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ ಬಣ್ಣ ಹಾಕಿ ಡಾಕ್ಟರ ಮೇಜಿಗೆ ಕಳಿಸುವುದು ನನ್ನ ಕೆಲಸ. ರೋಗ ಏನೆಂದು ಹೇಳುವುದು ಡಾಕ್ಟರು. ಆದರೂ ವರ್ಷಗಟ್ಟಲೆ ಕತ್ತರಿಸಿದವಳಿಗೆ ಒಂದಿಷ್ಟು ಗೊತ್ತಾಗಿಯೇ ಆಗುತ್ತದೆ.

ಅಕ್ಕ ಸುದ್ದಿ ಹೇಳಿದ್ದು ಅವರೆಕಾಯಿ ಕಾಲದಲ್ಲಿ. ನೆನೆಸಿದ ಕಾಳನ್ನು ನಡುವೆ ಇಟ್ಟುಕೊಂಡು ಇಬ್ಬರೂ ಹಿತುಕುತ್ತಾ ಕೂತಿದ್ದೆವು.

"ನಿನಗೊಂದು ಮಾತು ಹೇಳ್ಬೇಕು. ನಗಬಾರ್ದು," ಅಂದಳು.

"ಹೇಳು."

"ನಾನು ಮದುವೆ ಆಗ್ತಿದೀನಿ ಕಣೇ."

ನನಗೆ ನಗು ಬಂದೇಬಿಟ್ಟಿತು. ಅವಳು ನಗಲಿಲ್ಲ. ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟು, ನನ್ನ ಮುಖವನ್ನೇ ನೋಡುತ್ತಿದ್ದಳು. ಹಲಸೂರು ಕೆರೆಯ ಸುತ್ತ ಅವಳು ಬೆಳಿಗ್ಗೆ ನಡೆಯಲು ಹೋಗುತ್ತಿದ್ದಳಲ್ಲ, ಅಲ್ಲಿ ಪರಿಚಯವಾದವರಂತೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಮಗಳ ಮನೆ ಹಲಸೂರಿನಲ್ಲಿದ್ದುದರಿಂದ ಆಗ ಈ ಕಡೆ ಇದ್ದರು. ಸ್ವಂತ ಮನೆ ರಾಮಮೂರ್ತಿ ನಗರದಲ್ಲಿ.

"ಒಳ್ಳೆಯವರಾ?" ಎಂದು ಕೇಳಿದೆ.

"ಮಾತು ಕಡಿಮೆ. ನಾನು ಮಾತಾಡಿದ್ರೆ ಕೇಳಿಸ್ಕೋತಾರೆ," ಅಂದಳು.

ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಹತ್ತಿಪ್ಪತ್ತು ಜನರ ಎದುರಿಗೆ ಮದುವೆಯಾಯಿತು. ಬಿಳಿ ಸೀರೆಯಲ್ಲಿ ಅಕ್ಕ ಚೆನ್ನಾಗಿ ಕಾಣುತ್ತಿದ್ದಳು. ಕಾರು ಹತ್ತುವಾಗ ನನ್ನ ಕೈ ಹಿಡಿದು, "ಇಲ್ಲೇ ಇದೀನಲ್ಲೇ, ಮೆಟ್ರೊ ಹತ್ತಿದ್ರೆ ಬಂದ್ಬಿಟ್ಟೆ," ಅಂದಳು. ಅದು ನಿಜವೇ. ಇಂದಿರಾನಗರದಲ್ಲಿ ಹತ್ತಿ ಕೆ.ಆರ್. ಪುರದ ಹತ್ತಿರ ಇಳಿದು ಒಂದು ಆಟೊ ಹಿಡಿದರೆ ಅವಳ ಮನೆ. ಬೇರೆ ಊರಿಗೆ ಹೋಗಿದ್ದರೆ ಅಳಬಹುದಿತ್ತು. ಇಷ್ಟು ಹತ್ತಿರ ಹೋದವಳಿಗಾಗಿ ಅಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಆ ವರ್ಷದ ಬೇಸಿಗೆಯಲ್ಲೇ ಆಸ್ಪತ್ರೆಯವರು ನಮ್ಮ ವಿಭಾಗವನ್ನು ಮುಚ್ಚಿ, ಕೆಲಸವನ್ನು ಹೊರಗಿನ ಕಂಪನಿಗೆ ಕೊಟ್ಟರು. ಹಳೆಯ ಡಾಕ್ಟರೊಬ್ಬರು ಹೇಳಿದ್ದರಿಂದ ನನಗೆ ಹೊಸ ತಿಪ್ಪಸಂದ್ರದ ಒಂದು ಸಣ್ಣ ಸಂಶೋಧನಾ ಲ್ಯಾಬಿನಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ಮಾರ್ಕೆಟ್ ರಸ್ತೆಯಲ್ಲಿ, ಕೆಳಗೆ ಪಾತ್ರೆ ಅಂಗಡಿ, ಮಧ್ಯದಲ್ಲಿ ಟ್ಯೂಷನ್, ಮೇಲಿನ ಮಹಡಿಯಲ್ಲಿ ನಾವು. ಏನನ್ನು ಕತ್ತರಿಸಬೇಕೆಂದು ಮೊದಲ ದಿನವೇ ಕೇಳಿದೆ.

"ಚಿಪ್ಪಿನ ಹುಳ ಅಕ್ಕಾ. ದಕ್ಷಿಣ ಧ್ರುವದ್ದು," ಅಂದಳು ಅಲ್ಲಿದ್ದ ಹುಡುಗಿ.

ಹುಡುಗಿ ಎಂದರೆ ಮೂವತ್ತು ದಾಟಿದವಳು, ಡಾಕ್ಟರೇಟ್ ಮುಗಿಸಿದವಳು. ರಾಯಚೂರಿನ ಕಡೆಯವಳು. ಬಿಸಿಲಿನಲ್ಲೇ ಹುಟ್ಟಿ ಬೆಳೆದವಳು ಒಂದು ಇಡೀ ಬೇಸಿಗೆಯನ್ನು ಹಿಮದ ದಂಡೆಯಲ್ಲಿ ಕಳೆದು ಬಂದಿದ್ದಳು. ಅವಳು ಪಿ.ಜಿ. ಹಾಸ್ಟೆಲಿನಲ್ಲಿದ್ದಳು, ಊರಿನವರೊಡನೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು. ನನ್ನನ್ನು ಮೊದಲ ಗಳಿಗೆಯಿಂದಲೇ ಅಕ್ಕಾ ಅಂದಳು. ಮನೆಯಲ್ಲಿ ಕಿರಿಯವಳಾಗಿಯೇ ವಯಸ್ಸಾದ ನನಗೆ ಆ ಮಾತಿಗೆ ಓಗೊಡುವುದು ರೂಢಿಯಾಗಲು ಸ್ವಲ್ಪ ದಿನ ಹಿಡಿಯಿತು.

ಧ್ರುವದಿಂದ ತಂದ ಜಾಡಿಗಳು ಕೆಲವೇ ಇದ್ದವು. ಕೆಟ್ಟರೆ ಮತ್ತೆ ತರುವ ಮಾತಿಲ್ಲ. ನಾನೋ ಅದುವರೆಗೆ ಮನುಷ್ಯರನ್ನು ಬಿಟ್ಟು ಬೇರೆ ಏನನ್ನೂ ಕತ್ತರಿಸಿದವಳಲ್ಲ. ಆದ್ದರಿಂದ ಮೊದಲು ಇಲ್ಲಿಯ ಚಿಪ್ಪುಗಳಲ್ಲಿ ಕೈ ಪಳಗಿಸಿಕೊಳ್ಳೋಣವೆಂದು ಇಬ್ಬರೂ ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಹೋದೆವು. ಮಂಜುಗಡ್ಡೆಯ ನೀರು ಕಾಲಿನ ಬೆರಳಿಗೆ ತಾಗುತ್ತಿತ್ತು. ಚಿಪ್ಪು ಮಾರುತ್ತಿದ್ದವನು ತಮಿಳು, ಉರ್ದು, ಕನ್ನಡ ಮೂರನ್ನೂ ಒಟ್ಟಿಗೆ ಆಡುವ ಮುದುಕ.

"ಎಷ್ಟ್ ಕೆ.ಜಿ. ಅಮ್ಮಾ?"

"ಒಂದು ಡಜನ್ ಸಾಕು. ಜೀವ ಇರೋದೇ ಬೇಕು," ಅಂದೆ.

"ಡಜನ್ನಾ? ಮಸಾಲೆಗೇ ಸಾಕಾಗಲ್ಲ ಅದು. ಮನೇಲಿ ಒಬ್ರೇನಾ?"

ಅವನು ವ್ಯಾಪಾರಕ್ಕೆ ಕೇಳಿದ್ದು ಅಷ್ಟೇ. ಹೌದು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಎರಡು ಚಿಪ್ಪು ಜಾಸ್ತಿ ಹಾಕಿ ಕೊಟ್ಟ.

ಮಿಕ್ಕ ಕೆಲವನ್ನು ಮನೆಗೆ ತಂದೆ. ಒಬ್ಬಳಿಗಾಗಿ ತೆಂಗಿನಕಾಯಿ ತುರಿದು ಸಾರು ಮಾಡುವ ಮನಸ್ಸು ಬರಲಿಲ್ಲ. ಉಪ್ಪುನೀರಿನ ಬಟ್ಟಲಲ್ಲಿ ಹಾಕಿ ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ಸಂಜೆ ಕಾಫಿ ಕುಡಿಯುತ್ತಾ ಕೂತಾಗ ಒಂದು ಚಿಪ್ಪು ತುಸು ಬಾಯಿ ತೆರೆದು ಪಿಚಕ್ಕನೆ ನೀರು ಚಿಮ್ಮಿಸಿತು. ಗೋಡೆಯ ಮೇಲೆ ಸಣ್ಣ ಕಲೆಯಾಯಿತು. ನಾನು ಸದ್ದಿಗೆ ತಿರುಗಿ, "ಏನೇ?" ಅಂದುಬಿಟ್ಟೆ. ಮಾರನೆಯ ಬೆಳಿಗ್ಗೆ ನೋಡಿದರೆ ಎಲ್ಲವೂ ಬಾಯಿ ಕಳೆದು ಸತ್ತಿದ್ದವು. ಬಟ್ಟಲನ್ನು ಬಿಸಿನೀರು ಹಾಕಿ ಮತ್ತೆ ಮತ್ತೆ ತೊಳೆದೆ.

ಕೈ ಪಳಗಿದ ಮೇಲೆ ಧ್ರುವದ ಜಾಡಿಗಳನ್ನು ತೆರೆದೆವು. ಆ ಚಿಪ್ಪು ಅಂಗೈಯಷ್ಟು ದೊಡ್ಡದು, ಆದರೆ ಮೊಟ್ಟೆಯ ಸಿಪ್ಪೆಯ ಹಾಗೆ ತೆಳು. ಒಳಗಿನ ಪ್ರಾಣಿಗೆ ಸೊಂಡಿಲಿನಂತೆ ದಪ್ಪ ಕೊಳವೆ. ಕೆಸರಿನಲ್ಲಿ ಆಳಕ್ಕೆ ಹೂತುಕೊಂಡು, ಕೊಳವೆಯ ತುದಿಯನ್ನಷ್ಟೇ ಮೇಲಕ್ಕೆ ಚಾಚಿ, ನೀರು ಎಳೆದು ಸೋಸಿ ಅದರೊಳಗಿನ ಪಾಚಿ ತಿನ್ನುತ್ತದಂತೆ. ಹಾಗೆಯೇ ಹಲವು ದಶಕ ಬದುಕುತ್ತದಂತೆ. ನಾನು ಕತ್ತರಿಸಬೇಕಾಗಿದ್ದದ್ದು ಅದರ ಮೂತ್ರಪಿಂಡವನ್ನು.

ಮೊದಲ ಗಾಜು ತಯಾರಾದಾಗ ಸೂಕ್ಷ್ಮದರ್ಶಕದಲ್ಲಿ ನಾನೇ ನೋಡಿದೆ. ಜೀವಕೋಶಗಳ ಒಳಗೆಲ್ಲ ಕಂದು ಕಪ್ಪಿನ ಕಣಗಳು. ಬಣ್ಣ ಸರಿಯಾಗಿ ಸೋಸದಿದ್ದರೆ ಹೀಗೆ ಹೊಲಸು ಕೂರುತ್ತದೆ. ಹೊಸದಾಗಿ ಬಣ್ಣ ಸೋಸಿ ಇನ್ನೊಂದು ಮಾಡಿದೆ. ಮತ್ತೆ ಅದೇ. ಹುಡುಗಿಯನ್ನು ಕರೆದು, "ಬಣ್ಣದಲ್ಲಿ ಏನೋ ಇದೆ ಕಣಮ್ಮ, ನಾಳೆ ಪೂರ್ತಿ ಬದಲಾಯಿಸಿ ಮಾಡ್ಕೊಡ್ತೀನಿ," ಅಂದೆ.

ಅವಳು ಕಣ್ಣಿಟ್ಟು ನೋಡಿದವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಅಕ್ಕಾ, ಇದು ಹೊಲಸಲ್ಲ. ಇದನ್ನ ನೋಡ್ಲಿಕ್ಕೇ ನಾವ್ ಅಲ್ಲಿ ತನಕ ಹೋಗಿದ್ವಿ."

"ಏನಿದು?"

"ಕ್ಯಾಡ್ಮಿಯಂ, ಸತು, ತಾಮ್ರ, ಎಲ್ಲಾ ಅದಾವ ಇದರಾಗ. ನೀರಿನ್ಯಾಗಿಂದ, ತಿನ್ನೋ ಪಾಚಿಯಾಗಿಂದ ಒಳಗ ಬರ್ತಾವು. ಅದು ಇವನ್ನ ಹಿಡಿದು, ಕಟ್ಟಿ, ಮೂಲೆಗೆ ಕೂಡಿಸಿಬಿಟ್ಟದ."

ನನಗೆ ಅರ್ಥವಾಗಲಿಲ್ಲ. ಮನುಷ್ಯರ ಇಂಥ ಕಿಡ್ನಿ ಕಂಡಿದ್ದರೆ ಡಾಕ್ಟರು ಕೂಡಲೇ ವಾರ್ಡಿಗೆ ಫೋನ್ ಮಾಡುತ್ತಿದ್ದರು.

"ಹಾಗಾದ್ರೆ ಇದಕ್ಕೆ ಕಾಯಿಲೆ ಅಲ್ವಾ?"

"ಇಲ್ಲರೀ ಅಕ್ಕಾ. ಆರಾಮ ಇತ್ತು. ನಾ ಕೈಯಾಗ ಹಿಡಿದಾಗ ಕೊಳವೆ ಒಳಗ ಎಳ್ಕೊಂಡು ನನ್ನ ಮುಖಕ್ಕ ನೀರು ಹೊಡೀತು."

ಅಷ್ಟು ವರ್ಷ ನಾನು ನೋಡಿದ್ದೆಲ್ಲ ಕೆಟ್ಟ ಅಂಗಗಳನ್ನೇ. ವಿಷ ತುಂಬಿಯೂ ಕೆಡದಿದ್ದ ಮೂತ್ರಪಿಂಡವನ್ನು ಮೊದಲ ಸಲ ನೋಡುತ್ತಿದ್ದೆ. ಅವಳು ಎದ್ದು ಹೋದಮೇಲೂ ಕಣ್ಣಿಟ್ಟು ಹಾಗೇ ಕೂತಿದ್ದೆ. ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾರೋ ಕೊಡ ಬಡಿದು ನೋಡುತ್ತಿದ್ದರು.

ಆಮೇಲೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ನನ್ನದರಲ್ಲಿ ಚಿತ್ರಾನ್ನ.

"ಅಲ್ಲಿ ಫ್ಯಾಕ್ಟರಿನೇ ಇಲ್ವಲ್ಲ? ಈ ಲೋಹ ಎಲ್ಲಿಂದ ಬಂತು?"

ಎಲ್ಲವೂ ಮನುಷ್ಯರದ್ದಲ್ಲ ಎಂದಳು. ಆ ಕಡಲಿನಲ್ಲಿ ಆಳದ ನೀರು ಮೇಲಕ್ಕೆ ಏಳುತ್ತದೆ, ಅದರ ಜೊತೆಗೆ ಕ್ಯಾಡ್ಮಿಯಂ ಬರುತ್ತದೆ. ಹಿಮನದಿಗಳು ಬಂಡೆಯನ್ನು ಅರೆದು, ಕರಗಿದ ನೀರಿನೊಡನೆ ಆ ಹಿಟ್ಟನ್ನು ದಂಡೆಗೆ ತಂದು ಸುರಿಯುತ್ತವೆ. ಹೀಗಾಗಿ ಮನುಷ್ಯ ಅಲ್ಲಿಗೆ ಕಾಲಿಡುವ ಮುಂಚಿನಿಂದಲೂ ಈ ಚಿಪ್ಪಿನ ಜೀವಿಗಳು ಲೋಹದೊಂದಿಗೇ ಬಾಳಿ, ಅದನ್ನು ಕಟ್ಟಿಡುವುದನ್ನು ಕಲಿತಿವೆ. ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಒಂದು ಬಗೆಯ ಪ್ರೊಟೀನನ್ನು ಮೈಯಲ್ಲೇ ಮಾಡಿಕೊಳ್ಳುತ್ತವೆ. ಒಂದಿಷ್ಟನ್ನು ಕಣವಾಗಿಸಿ ಮುಚ್ಚಿಡುತ್ತವೆ. ನಿಧಾನವಾಗಿ, ಸ್ವಲ್ಪಸ್ವಲ್ಪವೇ ಹೊರಗೆ ಬಿಡುತ್ತವೆ. ಮನುಷ್ಯರು ಬಂದಮೇಲೆ ಅದರ ಮೇಲೆ ಇನ್ನಷ್ಟು ಸೇರಿತು. ಸಂಶೋಧನಾ ನೆಲೆಗಳ ಹತ್ತಿರ ಹಿಂದೆಲ್ಲ ಬಿಸಾಡಿದ ಬ್ಯಾಟರಿ, ಬಣ್ಣದ ಡಬ್ಬ, ಎಣ್ಣೆಯ ಪೀಪಾಯಿ. ಈಗ ಹಿಮ ಹೆಚ್ಚು ಕರಗುತ್ತಿರುವುದರಿಂದ ಕೆಸರೂ ಹೆಚ್ಚು ಬರುತ್ತಿದೆ.

"ಕಟ್ಟಿಟ್ಟುಕೊಂಡ್ರೆ ಏನೂ ಆಗಲ್ಲ ಅಂದ ಹಾಗಾಯ್ತು."

"ಹಂಗೇನಿಲ್ರಿ. ಆ ಪ್ರೊಟೀನ್ ಮಾಡ್ಲಿಕ್ಕ ಶಕ್ತಿ ಬೇಕಲ್ಲ? ಅಲ್ಲಿ ಉಣ್ಣಾಕ ಸಿಗೋದೇ ಬ್ಯಾಸಗ್ಯಾಗ ಒಂದಿಷ್ಟ್ ದಿನ. ಇದಕ್ಕ ಖರ್ಚು ಮಾಡಿದ್ರ ಬೆಳೀಲಿಕ್ಕ ಕಡಿಮಿ ಬೀಳ್ತದ, ತತ್ತಿ ಇಡ್ಲಿಕ್ಕ ಕಡಿಮಿ ಬೀಳ್ತದ. ಬದುಕ್ತದ ಖರೆ. ಹೆಂಗ್ ಬದುಕ್ತದ ಅನ್ನೋದು ಬ್ಯಾರೆ ಮಾತು."

ನಾನು ಚಿತ್ರಾನ್ನದ ಕಡಲೆಬೀಜ ಆರಿಸುತ್ತಾ ಕೂತೆ. ಅವಳು ನನ್ನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಭಾನುವಾರಗಳಲ್ಲಿ ಮೊದಮೊದಲು ಅಕ್ಕನ ಮನೆಗೆ ತಪ್ಪದೆ ಹೋಗುತ್ತಿದ್ದೆ. ಭಾವ ಬಾಗಿಲಿಗೇ ಬಂದು, "ಬನ್ನಿ ಬನ್ನಿ," ಅಂದು ಕುರ್ಚಿ ಎಳೆದು ಹಾಕಿ, ಪೇಪರನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದರು. ಅವರ ಇಬ್ಬರು ಹೆಣ್ಣುಮಕ್ಕಳೂ ಅಳಿಯಂದಿರೂ ಅಂದೇ ಬರುವರು. ಅಡುಗೆಮನೆಯಲ್ಲಿ ಅಕ್ಕ ಹಬೆಯ ನಡುವೆ ಓಡಾಡುತ್ತಾ, ಯಾರಿಗೋ ಖಾರ ಕಡಿಮೆ, ಯಾರಿಗೋ ಮೊಟ್ಟೆ ಬೇಡ ಎಂದು ಹೇಳುತ್ತಾ, ನನ್ನನ್ನು ಕಂಡು, "ಬಂದ್ಯಾ? ಕೂತ್ಕೋ, ಬಂದೆ," ಅನ್ನುವಳು. ಆ 'ಬಂದೆ' ಎಂಬುದು ಊಟವಾಗಿ, ಪಾತ್ರೆ ತೊಳೆದಾಗಿ, ನಾನು ಹೊರಡುವ ಹೊತ್ತಿನವರೆಗೂ ಆಗುತ್ತಿರಲಿಲ್ಲ.

ಬುದ್ಧ ಪೂರ್ಣಿಮೆಗೆ ಅಕ್ಕ ಒತ್ತಾಯ ಮಾಡಿದಳು. "ಬಟ್ಟೆ ತಗೊಂಡು ಬಾ. ಮೇಲಿನ ರೂಮು ಖಾಲಿ ಇದೆ. ಒಂದು ವಾರ ಇದ್ದು ನೋಡು. ಹಿಡಿಸಿದ್ರೆ ಅಲ್ಲೇ ಇದ್ಬಿಡು. ಆ ಮನೇಲಿ ಒಬ್ಬಳೇ ಏನ್ ಮಾಡ್ತೀಯಾ?"

ಚೀಲ ಹಿಡಿದು ಹೋದೆ. ಮೇಲಿನ ರೂಮಿಗೆ ಅಕ್ಕ ಹೊಸ ಪರದೆ ಹಾಕಿಸಿದ್ದಳು. ಕಿಟಕಿಯಿಂದ ನೋಡಿದರೆ ಒಂದರ ಮೇಲೊಂದು ಬಾಡಿಗೆ ಮನೆಗಳು, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕರು ಬಂದಾಗ ಕೊಡ ಹಿಡಿದು ಓಡುವ ಹೆಂಗಸರು. ಯಾರೂ ನನ್ನನ್ನು ಬೇಡದವಳಂತೆ ನೋಡಲಿಲ್ಲ. ಭಾವ ನನಗೆಂದೇ ಮೆಟ್ಟಿಲಿಗೆ ದೀಪ ಹಾಕಿಸಿದರು.

ಹಬ್ಬದ ಬೆಳಿಗ್ಗೆ ಪಾಯಸ ಕುದಿಯುತ್ತಿತ್ತು. ನಾನು ಹಾಲ್‌ನಲ್ಲಿ ಕೂತು ಬಾದಾಮಿ ಸುಲಿಯುತ್ತಿದ್ದೆ. ಒಳಗಿನಿಂದ ಅಕ್ಕ ಒಂದು ಹೆಸರು ಹಿಡಿದು ಕೂಗಿದಳು. ಚಿಕ್ಕಂದಿನಲ್ಲಿ ನನ್ನನ್ನು ಕರೆಯಲು ಅವಳೇ ಕಟ್ಟಿದ್ದ ಮುದ್ದಿನ ಹೆಸರು ಅದು. ಬೇರೆ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ.

"ಆಂ?" ಅಂದೆ.

ಅದೇ ಗಳಿಗೆಗೆ ಸೋಫಾದ ಹಿಂದಿನಿಂದ ಭಾವನ ನಾಲ್ಕು ವರ್ಷದ ಮೊಮ್ಮಗಳು, "ಏನಜ್ಜಿ?" ಎಂದು ಎದ್ದು ಒಳಗೆ ಓಡಿದಳು. ಅಕ್ಕ ಅವಳ ಬಾಯಿಗೆ ಏನೋ ಹಾಕಿದ್ದು, ಮಗು ನಕ್ಕದ್ದು ಕೇಳಿಸಿತು. ಅಕ್ಕನಿಗೆ ನನ್ನ ದನಿ ಕೇಳಿಸಿರಲಿಲ್ಲ. ಬಾಗಿಲ ಸಂದಿಯಿಂದ ಅವಳ ಮುಖ ಕಂಡಿತು. ಅಷ್ಟು ಸಂತೋಷದ ಮುಖವನ್ನು ನಾವಿಬ್ಬರೇ ಇದ್ದ ಕಾಲದಲ್ಲಿ ನಾನು ನೋಡಿದ್ದೆನೇ ಎಂದು ನೆನಪು ಮಾಡಿಕೊಂಡೆ. ನೋಡಿದ್ದೆ, ಆದರೆ ಅಪರೂಪಕ್ಕೆ. ಬಾದಾಮಿಯನ್ನೆಲ್ಲ ಸುಲಿದು ಮುಗಿಸಿ ಕೊಟ್ಟೆ. ಲ್ಯಾಬಿನಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಹೇಳಿ ಮಾರನೆಯ ದಿನವೇ ಮರ್ಫಿ ಟೌನಿಗೆ ಬಂದುಬಿಟ್ಟೆ. ಆಮೇಲೆ ಭಾನುವಾರಗಳೂ ತಪ್ಪತೊಡಗಿದವು. ಅಕ್ಕ ಫೋನ್ ಮಾಡಿದರೆ, "ಚೆನ್ನಾಗಿದೀನಿ, ಕೆಲಸ ಜಾಸ್ತಿ," ಅನ್ನುತ್ತಿದ್ದೆ.

ಕೆಲಸ ಇದ್ದದ್ದು ಸುಳ್ಳಲ್ಲ. ಜಾಡಿಗಳಲ್ಲಿ ಎರಡು ಬಗೆಯಿದ್ದವು. ಕೆಲವು ಯಾರೂ ಕಾಲಿಡದ ಒಂದು ಕೊಲ್ಲಿಯವು, ಕೆಲವು ಹಳೆಯ ನೆಲೆಯೊಂದರ ಕಸದ ಗುಡ್ಡೆಯ ಹತ್ತಿರದ ಕೆಸರಿನವು. ಎರಡನ್ನೂ ಕತ್ತರಿಸಿ ಪಕ್ಕಪಕ್ಕದಲ್ಲಿಟ್ಟೆವು. ಎರಡರಲ್ಲೂ ಕಣಗಳಿದ್ದವು. ಕಸದ ಹತ್ತಿರದವುಗಳಲ್ಲಿ ಹೆಚ್ಚಾಗಿ, ಒತ್ತೊತ್ತಾಗಿ ಕೂತಿದ್ದವು. ಚಿಪ್ಪಿನ ಕೀಲಿನಲ್ಲಿ ಮರದ ಉಂಗುರದಂತೆ ವರ್ಷಕ್ಕೊಂದು ಗೆರೆ ಬೀಳುತ್ತದೆ. ಅದನ್ನು ಎಣಿಸಿದರೆ ವಯಸ್ಸು ಸಿಗುತ್ತದೆ. ಕಸದ ಹತ್ತಿರದವು ವಯಸ್ಸಿಗೆ ಸ್ವಲ್ಪ ಚಿಕ್ಕವೆಂದು ನಮಗಿಬ್ಬರಿಗೂ ಅನ್ನಿಸಿತು.

"ಹಾಗಂತ ಬರೀತೀಯಾ?" ಎಂದೆ.

"ಬರಿಯಾಂಗಿಲ್ಲ. ಇಷ್ಟ್ ಕಡಿಮಿ ಚಿಪ್ಪು ನೋಡಿ ಏನೂ ಹೇಳಾಕಾಗಂಗಿಲ್ಲ. ಇನ್ನೂ ಬೇಕು ಅಂತ ಬರೀತೀನಿ, ಅಷ್ಟೇ."

ಒಂದು ದಿನ ಅವಳು ಅಲ್ಲಿ ಕಂಡದ್ದೊಂದನ್ನು ಹೇಳಿದಳು. ತೇಲಿ ಬಂದ ಹಿಮಗಡ್ಡೆಯ ಬುಡ ಕಡಲಿನ ತಳವನ್ನು ಉತ್ತುಬಿಡುತ್ತದಂತೆ. ಹೂತುಕೊಂಡಿದ್ದ ಚಿಪ್ಪುಗಳೆಲ್ಲ ಕೆಸರಿನ ಮೇಲೆ ಬಂದು ಬೀಳುತ್ತವಂತೆ. ಎಳೆಯವು ಮತ್ತೆ ಹೂತುಕೊಳ್ಳುತ್ತವೆ. ವಯಸ್ಸಾದವಕ್ಕೆ ಅದು ಆಗುವುದಿಲ್ಲ. ಮೇಲೆಯೇ ಬಿದ್ದಿರುತ್ತವೆ, ನಕ್ಷತ್ರಮೀನುಗಳು ಬಂದು ತಿನ್ನುತ್ತವೆ. ಮುಳುಗುಗಾರರ ಕ್ಯಾಮೆರಾದಲ್ಲಿ ಅದನ್ನು ನೋಡಿ ಅಂದು ಊಟ ಸೇರಲಿಲ್ಲ ಅಂದಳು. ಆಗ ಅವಳ ದನಿ ಸಣ್ಣಗಾಗಿತ್ತು. ಊರಿನವರೊಡನೆ ಅಷ್ಟು ಜೋರಾಗಿ ಮಾತಾಡುವ ಇವಳು ಆ ದಂಡೆಯಲ್ಲಿ ಒಬ್ಬಳೇ ಕನ್ನಡದವಳಾಗಿ ತಿಂಗಳುಗಟ್ಟಲೆ ಹೇಗಿದ್ದಳೋ ಎಂದು ನನಗೆ ಆಗ ಹೊಳೆಯಿತು. ಕೇಳಿದೆ.

"ಒಬ್ಬಾಕಿನೇ ಮಾತಾಡ್ಕೋತಿದ್ದೆ ಅಕ್ಕಾ. ಚಿಪ್ಪು ತೊಳಿಯೋವಾಗ," ಅಂದಳು.

ಚಳಿಗಾಲದ ಹೊತ್ತಿಗೆ ಅವಳ ಯೋಜನೆಯ ಅವಧಿ ಮುಗಿಯಿತು. ಕಲಬುರಗಿಯ ಒಂದು ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳುವ ಕೆಲಸವಾಯಿತು. ಕಂಟೋನ್ಮೆಂಟ್ ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಅವಳ ಸಾಮಾನೆಲ್ಲ ಎರಡು ಚೀಲ, ಒಂದು ಹಾಸಿಗೆ ಸುರುಳಿ. ರೈಲು ಬರುವುದು ತಡವಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದೆವು.

"ಒಬ್ಬರೇ ಇರ್ತೀರಲ್ಲ ಅಕ್ಕಾ, ಬ್ಯಾಸರ ಆಗಂಗಿಲ್ಲೇನು?"

ಚೆನ್ನಾಗಿದೀನಿ, ಕೆಲಸ ಜಾಸ್ತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಆಗುತ್ತೆ," ಅಂದೆ.

"ನಿಮ್ಮ ಅಕ್ಕಗ ಹೇಳೀರೇನು?"

"ಇಲ್ಲ."

ಅವಳು ನನ್ನ ಮಡಿಲಲ್ಲಿ ಬಿದ್ದಿದ್ದ ಕಡಲೆ ಸಿಪ್ಪೆಯನ್ನು ತೆಗೆದು ಪೊಟ್ಟಣಕ್ಕೆ ಹಾಕಿದಳು. ರೈಲು ಬಂತು. ಜನ ನುಗ್ಗಿದರು. ಅವಳು ಕಿಟಕಿಯ ಹತ್ತಿರ ಬರುವಷ್ಟರಲ್ಲಿ ರೈಲು ಹೊರಟಿತ್ತು. ಕೈ ಬೀಸಿದಳೋ ಇಲ್ಲವೋ ಕಾಣಿಸಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಶನಿವಾರ ಅಕ್ಕ ಫೋನು ಮಾಡದೆ ಬಂದಳು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಬಂದವಳೇ ಅಡುಗೆಮನೆಗೆ ಹೋಗಿ, ಡಬ್ಬಗಳ ಮುಚ್ಚಳ ತೆಗೆದು ನೋಡಿ, "ಬೇಳೆನೇ ಇಲ್ಲ. ಏನ್ ತಿಂತಿದೀಯಾ?" ಅಂದಳು.

"ತಿಂತೀನಿ."

"ಯಾಕೆ ಬರ್ತಿಲ್ಲ? ಅವರೇನಾದ್ರೂ ಅಂದ್ರಾ?"

"ಅಯ್ಯೋ, ಇಲ್ಲ ಕಣೇ. ಅವರು ಒಳ್ಳೆಯವರು."

"ಮತ್ತೇನು?"

ಕಿಟಕಿಯ ಹೊರಗೆ ಪಕ್ಕದ ಮನೆಯವರು ತಮಿಳಿನಲ್ಲಿ ಹಾಲಿನವನೊಡನೆ ಜಗಳವಾಡುತ್ತಿದ್ದರು. ಅದು ನಿಲ್ಲುವವರೆಗೆ ಕಾದೆ.

"ನೀನು ಹೋದ್ಮೇಲೆ ನನಗೆ ಕಷ್ಟ ಆಗಿದೆ ಅಕ್ಕ," ಅಂದೆ.

ಅವಳು ಕೈಯಲ್ಲಿದ್ದ ಮುಚ್ಚಳವನ್ನು ಹಾಗೇ ಹಿಡಿದು ನಿಂತಳು. "ಒಂದು ಮಾತು ಮುಂಚೆನೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಹೋಗ್ತಿರ್ಲಿಲ್ಲ."

ಅವಳು ಕಟ್ಟೆಗೆ ಒರಗಿ ಅತ್ತಳು. ನಾನೂ ಅತ್ತೆ. ಅವಳು ಕಾರು ಹತ್ತಿದ ದಿನ ಬಾರದ ಅಳು ಅಂದು ಬಂತು. ಆಮೇಲೆ ಅವಳು ಮುಖ ತೊಳೆದು, ಅಂಗಡಿಗೆ ಹೋಗಿ ಬೇಳೆ, ಸೊಪ್ಪು ತಂದಳು. ಸಾರು ಮಾಡಿ, ಇಬ್ಬರೂ ನೆಲದ ಮೇಲೆ ಕೂತು ಉಂಡೆವು. ಮೇಲಿನ ರೂಮಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನನ್ನ ಜೊತೆಗೇ ಬಂದು ಇರುತ್ತೇನೆಂಬ ಮಾತೂ ಆಡಲಿಲ್ಲ. ಆಡುವಂತಿರಲಿಲ್ಲ.

ಕತ್ತಲಾಗುವ ಮುಂಚೆ ಹೊರಟಳು. ಮೆಟ್ರೊವರೆಗೆ ಜೊತೆಗೆ ನಡೆದೆ. ಗೇಟಿನ ಆಚೆ ಹೋದವಳು ತಿರುಗಿ, ಜನರ ನಡುವಿನಿಂದ, "ಮುಂದಿನ ಶನಿವಾರನೂ ಬರ್ತೀನಿ, ಆಯ್ತಾ?" ಎಂದು ಕೂಗಿದಳು.

ಆ ಶನಿವಾರ ಬಂದಳು. ಅದರ ಮುಂದಿನದಕ್ಕೆ ಮೊಮ್ಮಗಳಿಗೆ ಜ್ವರ, ಬರಲಾಗಲಿಲ್ಲ. ಈಗ ತಿಂಗಳಿಗೊಮ್ಮೆ, ಕೆಲವು ಸಲ ಎರಡು ಬಾರಿ ಬರುತ್ತಾಳೆ. ಬಾರದ ವಾರ ಫೋನಿನಲ್ಲಿ ಹೇಗಿದ್ದೀ ಎಂದು ಕೇಳಿದರೆ, ಬೇಜಾರಿದ್ದರೆ ಬೇಜಾರು ಎಂದೇ ಹೇಳುತ್ತೇನೆ. ಅವಳು, "ಹೂಂ ಕಣೇ," ಅನ್ನುತ್ತಾಳೆ, ಫೋನು ಇಡುವುದಿಲ್ಲ. ಲ್ಯಾಬಿನಲ್ಲಿ ನನ್ನ ಗುತ್ತಿಗೆ ಮುಂದುವರಿದಿದೆ. ಈಗ ನಮ್ಮ ಊರಿನ ಕೆರೆಗಳ ಮೀನಿನ ಕಿವಿರು ಕತ್ತರಿಸುತ್ತಿದ್ದೇನೆ. ಜೊತೆಗಿರುವವರು ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಒಬ್ಬ ಮೌನಿ. ಮಧ್ಯಾಹ್ನ ಅವರು ಊಟಕ್ಕೆ ಕೆಳಗೆ ಹೋಗುತ್ತಾರೆ, ನಾನು ಕಿಟಕಿಯ ಪಕ್ಕ ಡಬ್ಬಿ ಬಿಚ್ಚುತ್ತೇನೆ. ವಿಮಾನ ಕಾರ್ಖಾನೆಯ ಕಡೆಯಿಂದ ಹೆಲಿಕಾಪ್ಟರೊಂದು ಬಂದು, ಒಂದು ಸುತ್ತು ಹಾಕಿ, ಹಿಂದಕ್ಕೆ ಹೋಗುತ್ತದೆ.